ಅಟ್ಟಣೆ ಹತ್ತಲು ತುಪ್ಪ ತಿಂದವನು

ಪಣಕಹಳ್ಳಿಯ ಪುಟ್ಟಬಸಪ್ಪ ತುಪ್ಪ ತಿಂದು ತೆಳ್ಳಗಾಗಲು ಹೊರಟ ಕಥೆಯನ್ನು ತಾಳವಾಡಿ ಸೀಮೆಯಲ್ಲಿ ಯಾರನ್ನು ಕೇಳಿದರೂ ಹೇಳುತ್ತಾರೆ. ಯಾರು ಹೇಳಿದರೂ ತಪ್ಪಾಗಿಯೇ ಹೇಳುತ್ತಾರೆ. ಅದರಲ್ಲಿ ಅವರ ದೋಷವೇನೂ ಇಲ್ಲ, ಆ ತಪ್ಪನ್ನು ಊರೂರಿಗೆ ಹಂಚಿದವನು ಪುಟ್ಟಬಸಪ್ಪನೇ. ಯಾಕೆ ಹಂಚಿದ ಎಂದು ಹೇಳಬೇಕಾದರೆ ಮೊದಲು ಅವನು ಏಣಿಯಿಂದ ಬಿದ್ದದ್ದನ್ನು ಹೇಳಬೇಕು.

ಕಾರ್ತಿಕ ಬಂತೆಂದರೆ ಪಣಕಹಳ್ಳಿಯ ಗಂಡಸರು ಮನೆಯಲ್ಲಿ ಮಲಗುವುದಿಲ್ಲ. ರಾಗಿ ತೆನೆಗೆ ಹಾಲು ತುಂಬುವ ಹೊತ್ತಿಗೆ ಸರಿಯಾಗಿ ಜೀರಹಳ್ಳಿ ಕಾಡಿನ ಆನೆಗಳಿಗೆ ಅದರ ವಾಸನೆ ಬಡಿಯುತ್ತದೆ. ಅದಕ್ಕೆಂದೇ ಹೊಲ ಹೊಲದ ಅಂಚಿನ ಮರಗಳ ಮೇಲೆ ಬಿದಿರಿನ ಅಟ್ಟಣೆ ಕಟ್ಟುತ್ತಾರೆ. ಅಟ್ಟಣೆಗೊಂದು ಏಣಿ, ಮೇಲೊಂದು ಕಂಬಳಿ, ಬಡಿಯಲು ತಗಡಿನ ಡಬ್ಬ, ಅದನ್ನು ಬಡಿಯಲು ಮನೆಯ ಯಜಮಾನ. ಹೆಣ್ಣು ಕೊಡಲು ಬಂದವರು ಹೊಲದ ವಿಚಾರ ಕೇಳಿದ ಮೇಲೆ, ಹುಡುಗ ಅಟ್ಟಣೆ ಮೇಲೆ ಒಬ್ಬನೇ ಇರುತ್ತಾನೋ ಎಂದು ಕೇಳುತ್ತಿದ್ದ ಕಾಲ ಅದು. ಅಟ್ಟಣೆ ಹತ್ತದ ಗಂಡಸನ್ನು ಯಾರೂ ಬಾಯಿಬಿಟ್ಟು ಬೈಯುತ್ತಿರಲಿಲ್ಲ. ಅವನ ಎದುರಿಗೆ ಆನೆಯ ಮಾತು ತೆಗೆಯುವುದನ್ನು ನಿಲ್ಲಿಸುತ್ತಿದ್ದರು, ಅಷ್ಟೇ. ಅದಕ್ಕಿಂತ ಬೈದಿದ್ದರೇ ವಾಸಿ.

ಪುಟ್ಟಬಸಪ್ಪ ಹರೆಯದಲ್ಲಿ ಏಣಿಯನ್ನು ಕೈಬಿಟ್ಟು ಹತ್ತುತ್ತಿದ್ದವನು. ನಲವತ್ತು ದಾಟಿದ ಮೇಲೆ ಮೈ ಬಂತು. ಅವನು ಸೋಮಾರಿಯೇನಲ್ಲ, ಉಳುತ್ತಿದ್ದ, ಬಿತ್ತುತ್ತಿದ್ದ, ಹೊರೆ ಹೊರುತ್ತಿದ್ದ. ಆದರೆ ಹಿಟ್ಟಿನ ಮೇಲೆ ಅವನಿಗಿದ್ದ ಪ್ರೀತಿ ಬೇರೆ ಯಾವುದರ ಮೇಲೂ ಇರಲಿಲ್ಲ. ಹಿಟ್ಟು ಎಂದರೆ ಆ ಕಡೆ ರಾಗಿಮುದ್ದೆ. ಹೆಂಡತಿ ಪುಟ್ಟಗೌರಮ್ಮ ಕಟ್ಟಿದ ಮುದ್ದೆ ಎರಡು ನುಂಗಿ, ಮೂರನೆಯದಕ್ಕೆ ಮಾತಿಲ್ಲದೆ ತಟ್ಟೆ ಸರಿಸುತ್ತಿದ್ದ. ಮೈ ಬೆಳೆದಂತೆಲ್ಲ ನೆಂಟರು ಸಂತೋಷಪಟ್ಟರು. ‘ಮೈ ಕೈ ತುಂಬ್ಕಂಡವ್ನ ನಮ್ಮ ಪುಟ್ಬಸ’ ಎಂದು ಬೇಲಿಯಾಚೆ ಮನೆಯ ಅತ್ತಿಗೆ, ಚಿಕ್ಕಮ್ಮ ಎಂಬ ಹೆಸರಿನವಳು, ದೃಷ್ಟಿ ಬೇರೆ ತೆಗೆದಿದ್ದಳು. ಆ ದೃಷ್ಟಿ ಸರಿಯಾಗಿ ಹೋಗಿರಲಿಲ್ಲವೆಂದು ಕಾಣುತ್ತದೆ.

ಎಪ್ಪತ್ತೆಂಟನೇ ಇಸವಿಯ ಕಾರ್ತಿಕದಲ್ಲಿ, ಹೊತ್ತು ಮುಳುಗುವ ಮುಂಚೆ, ಸುತ್ತಲ ಹೊಲದವರೆಲ್ಲ ತಂತಮ್ಮ ಅಟ್ಟಣೆಗಳ ಮೇಲೆ ಕೂತು ಬೀಡಿ ಹಚ್ಚುತ್ತಿರುವಾಗ ಪುಟ್ಟಬಸಪ್ಪನ ಕಾಲ ಕೆಳಗೆ ಏಣಿಯ ಮೆಟ್ಟಿಲು ಲಟ್ಟೆಂದಿತು. ಅವನು ನೇರವಾಗಿ ತನ್ನದೇ ರಾಗಿಯ ಮೇಲೆ ಕೂತ. ಮಂಡಿ ಉಳುಕಿತು. ಎಬ್ಬಿಸಲು ಬಂದವರು ಮೊದಲು ನೋಡಿದ್ದು ಮಂಡಿಯನ್ನಲ್ಲ, ನೆಲಕ್ಕೆ ಒರಗಿ ಚಾಪೆಯಾಗಿದ್ದ ಪೈರನ್ನು.

‘ಆನ ಮಲಗೆದ್ರೂ ಇಷ್ಟು ಆಳಾಯ್ತಿರ್ನಿಲ್ಲ ಕಣ್ಲಾ’ ಎಂದ ಪಕ್ಕದ ಹೊಲದ ಜವರ. ಆ ಮಾತು ಪುಟ್ಟಬಸಪ್ಪನಿಗಿಂತ ಮೊದಲೇ ಊರು ಸೇರಿತು.

ಅವನನ್ನು ಎತ್ತಿನ ಗಾಡಿಯಲ್ಲಿ ಮಲಗಿಸಿ ಕಳಿಸಿದ್ದಾಯಿತು. ಅಟ್ಟಣೆಗೆ ಯಾರು? ಇಬ್ಬರು ಹೆಣ್ಣುಮಕ್ಕಳು ಮದುವೆಯಾಗಿ ಹೋಗಿದ್ದರು, ಗಂಡುಮಕ್ಕಳಿರಲಿಲ್ಲ. ಗಂಡನಿಗೆ ಊಟ ತಂದಿದ್ದ ಪುಟ್ಟಗೌರಮ್ಮ ಒಂದು ಗಳಿಗೆ ನೋಡಿದಳು. ಸೆರಗು ಸೊಂಟಕ್ಕೆ ಸಿಕ್ಕಿಸಿ, ಅಟ್ಟದ ಮೇಲಿನ ಉಪ್ಪಿನಕಾಯಿ ಜಾಡಿ ಇಳಿಸುವವಳ ಹಾಗೆ, ಮುರಿದ ಮೆಟ್ಟಿಲನ್ನು ದಾಟಿ ಹತ್ತಿಯೇಬಿಟ್ಟಳು. ‘ಇವತ್ತೊಂದಿನ ನಾ ಇರ್ತೀನಿ ಬುಡಿ’ ಎಂದಳು ಮೇಲಿನಿಂದ.

ಆ ಒಂದು ದಿನ ಸುಗ್ಗಿಯ ತನಕ ಎಳೆಯಿತು. ಮರುವರ್ಷ ಮಂಡಿ ವಾಸಿಯಾಗಿತ್ತು. ಪುಟ್ಟಬಸಪ್ಪ ಮೀಸೆ ತಿದ್ದಿಕೊಂಡು ಏಣಿಯ ಬುಡಕ್ಕೆ ಹೋದ. ಊರಿನ ಅಟ್ಟಣೆಗಳನ್ನೆಲ್ಲ ಕಟ್ಟುತ್ತಿದ್ದವನು ಸೋಲಿಗರ ದೊಡ್ಡಬೊಮ್ಮ. ಕಾಡುಬಳ್ಳಿಯಲ್ಲಿ ಬಿಗಿದು, ಕೂಲಿಗೆ ರಾಗಿ ತೆಗೆದುಕೊಂಡು ಹೋಗುವವನು. ಪುಟ್ಟಬಸಪ್ಪ ಒಂದು ಕಾಲಿಟ್ಟ, ಬಿದಿರು ನರಳಿತು. ದೊಡ್ಡಬೊಮ್ಮ ಬಿದಿರಿನ ಕಡೆ ನೋಡಿದ, ಪುಟ್ಟಬಸಪ್ಪನ ಕಡೆ ನೋಡಿದ.

‘ಬ್ಯಾಡ ಕಣ್ ಬಸಣ್ಣ’ ಎಂದ. ‘ಬಿದ್ರು ನಂದು, ಬಳ್ಳಿ ನಂದು, ಕಟ್ಟಿರೋ ಕೈ ನಂದು. ನೀ ಬಿದ್ರ ಎಸ್ರು ಓಗೋದೂ ನಂದೇ.’

ಹೀಗೆ ಎರಡನೆಯ ವರ್ಷವೂ ಪುಟ್ಟಗೌರಮ್ಮನೇ ಹತ್ತಿದಳು. ಆನೆ ಬಂದಾಗ ಡಬ್ಬ ಬಡಿದಳು, ಕೂಗಿದಳು, ಪಟಾಕಿ ಹಚ್ಚಿ ಎಸೆದಳು. ಆ ವರ್ಷ ಸುತ್ತಲ ಹೊಲಗಳಿಗಿಂತ ಅವರ ಹೊಲದಲ್ಲೇ ನಷ್ಟ ಕಡಿಮೆ. ಪುಟ್ಟಬಸಪ್ಪನಿಗೆ ಹೆಮ್ಮೆಯಾಗಬೇಕಿತ್ತು. ಆಗಲಿಲ್ಲ. ಅಜ್ಜನ ಹೆಸರಿನಲ್ಲಿ ‘ಬಸವಯ್ಯನ ಹೊಲ’ ಎಂದಿದ್ದದ್ದು ಚಾ ಅಂಗಡಿಯ ಬಾಯಲ್ಲಿ ‘ಗೌರಮ್ಮನ ಒಲ’ ಆಗಿಹೋಗಿತ್ತು. ಕಾರ್ತಿಕದ ಸಂಜೆ ಊರಿನ ಗಂಡಸರೆಲ್ಲ ಕಂಬಳಿ ಹೊದ್ದು ಹೊಲದ ದಾರಿ ಹಿಡಿದರೆ, ಊರೊಳಗೆ ಉಳಿಯುತ್ತಿದ್ದವರು ಬಾಣಂತಿಯರು, ಮುದುಕಿಯರು, ತೊಟ್ಟಿಲ ಕೂಸುಗಳು, ಮತ್ತು ಪುಟ್ಟಬಸಪ್ಪ. ಬಾಗಿಲ ಅಗುಳಿ ಹಾಕಿಕೊಂಡು ಒಬ್ಬನೇ ಮಲಗುವಾಗ ಅವನಿಗೆ ಅಳು ಬಂದದ್ದುಂಟು. ಏನಾದರಾಗಲಿ ಮತ್ತೆ ಆ ಏಣಿ ಹತ್ತಬೇಕು. ಬದುಕಿನಲ್ಲಿ ಬೇರೆ ಆಸೆಯೇ ಅವನಿಗೆ ಉಳಿದಿರಲಿಲ್ಲ.

ಎಂಬತ್ತರ ಯುಗಾದಿಗೆ ಮುಂಚೆ ಒಣಬಿದಿರಿನ ಪರವಾನಗಿ ಕೇಳಲು ಜೀರಹಳ್ಳಿಗೆ ಹೋದವನಿಗೆ ರೇಂಜರ್ ಸಾಹೇಬರ ಗುರುತೇ ಸಿಗಲಿಲ್ಲ. ಕೊಯಮತ್ತೂರು ಕಡೆಯ ಆ ಮನುಷ್ಯ ವರ್ಷದ ಹಿಂದೆ ಜೀಪಿನಲ್ಲಿ ಕೂತರೆ ಪಕ್ಕದಲ್ಲಿ ಗಾರ್ಡಿಗೆ ಜಾಗವಿರುತ್ತಿರಲಿಲ್ಲ. ಈಗ ಸಮವಸ್ತ್ರದೊಳಗೆ ಇನ್ನೊಬ್ಬನನ್ನು ಕರೆದುಕೊಳ್ಳುವ ಹಾಗಿದ್ದ. ಪುಟ್ಟಬಸಪ್ಪ ಪರವಾನಗಿ ಮರೆತು ಅದನ್ನೇ ಕೇಳಿದ. ರೇಂಜರಿಗೂ ಹೇಳಿಕೊಳ್ಳುವ ಚಪಲ. ತಮಿಳಿನಲ್ಲಿ, ಅಲ್ಲಲ್ಲಿ ಕನ್ನಡ ಸೇರಿಸಿ, ಊರಿನ ಡಾಕ್ಟರೊಬ್ಬರು ಹೇಳಿದ ಪಥ್ಯವನ್ನು ಬಿಡಿಸಿ ಹೇಳಿದರು. ಅನ್ನ ಬಿಡಬೇಕು, ಮುದ್ದೆ ಬಿಡಬೇಕು, ಬೆಲ್ಲ ಸಕ್ಕರೆ ಕಣ್ಣೆತ್ತಿ ನೋಡಬಾರದು. ಹೊಟ್ಟೆ ತುಂಬ ತುಪ್ಪ, ಬೆಣ್ಣೆ, ಮೊಟ್ಟೆ, ಮಾಂಸ ತಿನ್ನಬೇಕು. ಮೈಯೊಳಗಿನ ಕೊಬ್ಬು ತಾನಾಗಿ ಕರಗುತ್ತದೆ.

ಮೊಟ್ಟೆ ಮಾಂಸ ಎಂದ ಕೂಡಲೇ ಪುಟ್ಟಬಸಪ್ಪ ಕೊರಳಿನ ಲಿಂಗ ಮುಟ್ಟಿಕೊಂಡು ‘ಶಿವಶಿವಾ’ ಎಂದ. ರೇಂಜರ್ ನಕ್ಕು, ತುಪ್ಪ ಬೆಣ್ಣೆ ತೆಂಗಿನಕಾಯಿಯಲ್ಲೇ ಸುಧಾರಿಸು ಎಂದರು. ದಾರಿಯುದ್ದಕ್ಕೂ ಪುಟ್ಟಬಸಪ್ಪ ಒಬ್ಬನೇ ನಗುತ್ತ ಬಂದ. ತುಪ್ಪ ತಿಂದು ತೆಳ್ಳಗಾಗುವುದೆಂದರೆ ಯಾರಿಗೆ ತಾನೇ ನಗು ಬರುವುದಿಲ್ಲ!

ಮನೆಗೆ ಬಂದು ತಲೆಗೆ ನೀರು ಹಾಕಿಕೊಂಡು, ಮಾದಪ್ಪನ ಪಟದ ಮುಂದೆ ಕೈಮುಗಿದು, ಅಟ್ಟಣೆ ಹತ್ತುವ ತನಕ ಹಿಟ್ಟು ಉಣ್ಣುವುದಿಲ್ಲವೆಂದು ಹರಕೆ ಹೊತ್ತ. ಅಲ್ಲೇ ಎಡವಿದ್ದು. ರೇಂಜರ್ ಹೇಳಿದ್ದು ಪಥ್ಯ, ಪುಟ್ಟಬಸಪ್ಪ ಹಿಡಿದದ್ದು ವ್ರತ. ಆದರೆ ಅದರ ಫಲ ಕಾಣಲು ಇನ್ನೂ ತಿಂಗಳುಗಳಿದ್ದವು.

ಒಲೆಯ ಮುಂದೆ ಮುದ್ದೆ ತೊಳಸುತ್ತಿದ್ದ ಪುಟ್ಟಗೌರಮ್ಮ ಕೋಲು ನಿಲ್ಲಿಸಿ ಕೇಳಿದಳು. ‘ಇಟ್ಟು ಬುಟ್ಟು ಏನ್ ಉಂಡೀರಿ?’

‘ತುಪ್ಪ.’

‘ತುಪ್ಪ ಯಾತುಕ್ ಆಕಂಡೀರಿ?’

‘ಯಾತುಕ್ಕೂ ಇಲ್ಲ ಕಣಮ್ಮಿ. ಬರೀ ತುಪ್ಪ. ಮೈ ಇಳಿಸ್ಬೇಕು, ಈ ಸಲ ಅಟ್ಟಣ ನಾನೇ ಅತ್ತೋದು.’

ಪುಟ್ಟಗೌರಮ್ಮ ಮತ್ತೆ ಕೋಲು ಆಡಿಸಿದಳು. ಅವಳು ಎದುರಾಡದೆ ಒಪ್ಪಿದ್ದು ಅವನಿಗೆ ಬಹಳ ಹಿಡಿಸಿತು. ಸಂತೆಗೆ ಹೋಗುತ್ತಿದ್ದ ಬೆಣ್ಣೆಯೆಲ್ಲ ಮನೆಯಲ್ಲೇ ಉಳಿಯಿತು. ಆದರೆ ತುಪ್ಪವನ್ನು ಊಟದ ಹಾಗೆ ಉಣ್ಣುವುದು ಹೇಗೆ? ಮೂರು ತಲೆಮಾರಿನಿಂದ ಹಿಟ್ಟು ನುಂಗಿದ ಗಂಟಲು ಅದು. ಕೊನೆಗೆ ಪುಟ್ಟಬಸಪ್ಪನೇ ಉಪಾಯ ಕಂಡುಕೊಂಡ. ಬೆಣ್ಣೆಯನ್ನು ಮುದ್ದೆಯ ಗಾತ್ರಕ್ಕೆ ಉಂಡೆ ಮಾಡಿಸಿ, ತಟ್ಟೆಯ ನಡುವೆ ಇಟ್ಟು, ಸುತ್ತ ಬಿಸಿ ಸೊಪ್ಪಿನ ಸಾರು ಬಿಡಿಸಿ, ಮುರಿದು ಅದ್ದಿ ಗುಳುಂ ಗುಳುಂ ಎಂದು ನುಂಗಿದ. ಸಾರಿನ ಬಿಸಿಗೆ ಬೆಣ್ಣೆಯ ಮುದ್ದೆ ತಟ್ಟೆಯಲ್ಲೇ ಕರಗಿ ಓಡತೊಡಗಿದಾಗ ಬೆರಳಲ್ಲಿ ಅಟ್ಟಿಸಿಕೊಂಡು ಹೋದ. ಬೇಲಿಯಾಚೆಯಿಂದ ಇದನ್ನು ನೋಡಿದ ಚಿಕ್ಕಮ್ಮ ಎಲೆ ಅಡಿಕೆ ಉಗುಳುವುದನ್ನೂ ಮರೆತು ನಿಂತಳು.

ಬೆಣ್ಣೆ ತಿಂದರೂ ನಡುಮಧ್ಯಾಹ್ನ ಹೊಲದಲ್ಲಿ ತಲೆ ಗಿರ್ರೆನ್ನುತ್ತಿತ್ತು. ಅದಕ್ಕೆ ಪುಟ್ಟಬಸಪ್ಪನ ಮನೆತನದಲ್ಲಿ ಹಿಂದಿನಿಂದ ಮದ್ದಿತ್ತು. ಸೋಮವಾರದ ಒಪ್ಪತ್ತಿಗೆ ಅವರಲ್ಲಿ ಹಿಟ್ಟು ಮುಟ್ಟುವುದಿಲ್ಲ, ಅನ್ನ ಮುಟ್ಟುವುದಿಲ್ಲ. ಕುಡಿದದ್ದು ಮಾತ್ರ ನೀರಿನ ಲೆಕ್ಕ, ಅದರಿಂದ ವ್ರತ ಕೆಡುವುದಿಲ್ಲ. ಮಾದಪ್ಪ ಇಷ್ಟು ವರ್ಷ ಒಪ್ಪಿದ್ದನ್ನು ರೇಂಜರ್ ಒಪ್ಪದಿರುತ್ತಾರೆಯೇ? ಪುಟ್ಟಬಸಪ್ಪ ಅಂಬಲಿ ಕುಡಿದ. ಮಜ್ಜಿಗೆ ಬೆರೆಸಿದ ತಣ್ಣನೆಯ ರಾಗಿ ಅಂಬಲಿ, ಬೆಳಿಗ್ಗೆ ಒಂದು ಚೊಂಬು, ಮಧ್ಯಾಹ್ನ ಒಂದು ಮಡಕೆ, ಸಂಜೆ ದಣಿವಾರಲು ಇನ್ನೊಂದು ಚೊಂಬು. ಓದುವವರಿಗೆ ಈಗಲೇ ನಗು ಬಂದಿರುತ್ತದೆ. ಅವನಿಗೆ ಬರಲಿಲ್ಲ. ಹುಟ್ಟಿದಾಗಿನಿಂದ ನೀರೆಂದು ಕುಡಿದದ್ದನ್ನು ಊಟವೆಂದು ಎಣಿಸಲು ಅವನಿಗೆ ಯಾರೂ ಕಲಿಸಿರಲಿಲ್ಲ.

ಆ ವರ್ಷ ಅಂಬಲಿಯೂ ಬಹಳ ಚೆನ್ನಾಗಿ ಬರುತ್ತಿತ್ತು. ಗಟ್ಟಿಯಾಗಿ, ಘಮಘಮ ಎಂದು, ಕುಡಿದರೆ ಎದೆಗೆ ತಂಪು. ‘ಈಚೀಚ್ಗ ನಿನ್ ಕೈ ಪಳಗದ ಕಣಮ್ಮಿ’ ಎಂದು ಹೊಗಳಿದ. ಪುಟ್ಟಗೌರಮ್ಮ ಸೆರಗಿನಿಂದ ಬಾಯಿ ಒರೆಸಿಕೊಂಡು ಒಳಗೆ ಹೋದಳು.

ಇಳಿದದ್ದು ಗೊತ್ತಾಗಬೇಕಲ್ಲ? ಸಂತೆಯ ದಿನ ತಾಳವಾಡಿಯ ಆಲೂಗೆಡ್ಡೆ ಮಂಡಿಗೆ ಹೋಗಿ ಮೂಟೆ ತೂಗುವ ತಕ್ಕಡಿಯ ಮೇಲೆ ನಿಲ್ಲುವುದೆಂದು ಪುಟ್ಟಬಸಪ್ಪ ನಿಶ್ಚಯಿಸಿದ. ಮಂಡಿಯ ಗುರುಸ್ವಾಮಿ ಮೊದಲನೆಯ ಸಲ ತೂಗಿ, ಹಲಗೆಯ ಮೇಲೆ ಸೀಮೆಸುಣ್ಣದಲ್ಲಿ ಗೆಡ್ಡೆಯ ಧಾರಣೆಯ ಪಕ್ಕದಲ್ಲೇ ಬರೆದಿಟ್ಟ. ಮುಂದಿನ ಸಂತೆಗಳಲ್ಲಿ ಗೆಡ್ಡೆ ತಂದವರು ತಮ್ಮ ಮೂಟೆ ಇಳಿಸುವ ಮೊದಲು ‘ಪುಟ್ಬಸಪ್ಪ ಬಂದ್ನಾ?’ ಎಂದು ಕೇಳತೊಡಗಿದರು. ಜವರನೂ ಇನ್ನು ನಾಲ್ಕು ಜನರೂ ಬೀಡಿಕಟ್ಟು ಪಣ ಕಟ್ಟಿದರು.

ತೂಕ ಏರಿತು. ಗುರುಸ್ವಾಮಿ ಮತ್ತೊಮ್ಮೆ ತೂಗಿದ. ಮೂಟೆಗಳಿಗೆ ಮಾಡುವ ಹಾಗೆ ‘ಮಣ್ಣು, ತೇವ ಅಂತ ಎರಡು ಕಿಲೊ ಕಳೆದುಬಿಡಾನ’ ಎಂದು ಉದಾರತನ ತೋರಿಸಿದ. ಕಳೆದರೂ ಏರಿಯೇ ಇತ್ತು. ಮುಂದಿನ ತಿಂಗಳೂ ಏರಿತು. ಮಳೆಗಾಲ ಕಳೆಯುವ ಹೊತ್ತಿಗೆ ಹಲಗೆಯ ಮೇಲೆ ಗೆಡ್ಡೆಯ ಧಾರಣೆ ಬಿದ್ದಿತ್ತು, ಪುಟ್ಟಬಸಪ್ಪನ ಅಂಕಿ ಮಾತ್ರ ನಿಂತಲ್ಲಿ ನಿಂತಿರಲಿಲ್ಲ.

ಊರು ಈ ವಿಷಯದಲ್ಲಿ ಎರಡು ಪಂಗಡವಾಯಿತು. ಬಾಣಂತಿಗೆ ಕೊಡುವುದನ್ನು ಗಂಡಸು ತಿಂದರೆ ಇನ್ನೇನಾಗುತ್ತದೆ ಎಂದು ಒಂದು ಪಂಗಡ. ರೇಂಜರ್ ಸುಳ್ಳು ಹೇಳುವವರಲ್ಲ, ತಮಿಳರ ಮೈಗೆ ಹಿಡಿಯುವ ಪಥ್ಯ ನಮ್ಮ ಮೈಗೆ ಹಿಡಿಯುವುದಿಲ್ಲ ಎಂದು ಇನ್ನೊಂದು. ಪುಟ್ಟಬಸಪ್ಪ ಮಾತ್ರ ಹರಕೆ ಬಿಡಲಿಲ್ಲ. ಮೈ ಇಳಿಯುವ ಮುಂಚೆ ಒಮ್ಮೆ ಏರುತ್ತದೆ ಎಂದು ತನಗೆ ತಾನೇ ಹೇಳಿಕೊಂಡ. ಆದರೆ ರಾಗಿ ಹೊಡೆ ಬಿಚ್ಚಿ ತೆನೆ ಬಂದು, ದೊಡ್ಡಬೊಮ್ಮ ಬಿದಿರು ಹೊತ್ತು ಬಂದು, ಅವನ ಮೈಯನ್ನು ಮೇಲಿಂದ ಕೆಳಗೆ ನೋಡಿ ಏನೂ ಕೇಳದೆ ಪುಟ್ಟಗೌರಮ್ಮನ ಅಳತೆಗೇ ಮೆಟ್ಟಿಲು ಕಟ್ಟಿಟ್ಟು ಹೋದಾಗ ಅವನ ಎದೆ ಒಡೆಯಿತು. ಯುಗಾದಿಯಿಂದ ಬಾಯಿ ಕಟ್ಟಿದ್ದ. ಮೂಗಿಗೆ ಮುದ್ದೆಯ ವಾಸನೆ ಬಡಿದರೆ ಎದ್ದು ಹಿತ್ತಲಿಗೆ ಹೋಗಿದ್ದ. ರಾಗಿ ಕಾಯುವುದಕ್ಕಾಗಿ ರಾಗಿ ಬಿಟ್ಟವನು ಮೂರನೆಯ ವರ್ಷವೂ ಬಾಣಂತಿಯರ ಜೊತೆ ಊರೊಳಗೇ ಉಳಿದ.

ಕಾರ್ತಿಕದ ಮೊದಲ ವಾರ ಆನೆಗಳ ಹಾವಳಿ ವಿಚಾರಿಸಲು ರೇಂಜರ್ ಪಣಕಹಳ್ಳಿಗೆ ಬಂದವರು ಪುಟ್ಟಬಸಪ್ಪನ ಜಗಲಿಯ ಮೇಲೆ ಕೂತರು. ಪುಟ್ಟಗೌರಮ್ಮ ಇಬ್ಬರಿಗೂ ಅಂಬಲಿ ತಂದಿಟ್ಟು, ಹೊತ್ತು ಇಳಿಯಿತೆಂದು ಬುತ್ತಿಗಂಟು ಹಿಡಿದು ಹೊಲಕ್ಕೆ ಹೊರಟಳು. ರೇಂಜರ್ ಲೋಟವನ್ನು ಮೂಸಿ ಪಕ್ಕಕ್ಕಿಟ್ಟರು. ಪುಟ್ಟಬಸಪ್ಪ ಚೊಂಬನ್ನು ಎತ್ತಿದವನು ಒಂದೇ ಉಸಿರಿಗೆ ಬರಿದುಮಾಡಿ ಇಳಿಸಿದ.

‘ಪಥ್ಯ ಬಿಟ್ಟೆಯಾ?’ ಎಂದರು ರೇಂಜರ್.

‘ಬುಟ್ಟಿಲ್ಲ ಸಾರ್. ಮಾದಪ್ಪನ ಆಣೆಗೂ ಇಟ್ಟು ಮುಟ್ಟಿಲ್ಲ.’

‘ಹಾಗಾದರೆ ಈಗ ಕುಡಿದದ್ದು?’

‘ಇದಾ? ಇದು ಅಂಬ್ಲಿ ಸಾರ್. ನೀರು.’

‘ಯಾವುದರಲ್ಲಿ ಮಾಡಿದ ನೀರು?’

ಪುಟ್ಟಬಸಪ್ಪ ಉತ್ತರ ಕೊಡಲು ಬಾಯಿ ತೆರೆದ. ತೆರೆದ ಬಾಯಿ ಹಾಗೇ ಉಳಿಯಿತು. ‘ಅಯ್ಯೋ ಕಡವುಳೇ’ ಎಂದು ರೇಂಜರ್ ಹೊಟ್ಟೆ ಹಿಡಿದುಕೊಂಡು ನಕ್ಕರು. ದಿನಕ್ಕೆಷ್ಟು ಎಂದು ಕೇಳಿ, ಅವನು ಕೈಯಲ್ಲಿ ಮಡಕೆಯ ಗಾತ್ರ ತೋರಿಸಿದಾಗ ಕಣ್ಣೀರು ಒರೆಸಿಕೊಂಡರು. ತುಪ್ಪ ಒಂದು ಕಡೆ, ರಾಗಿ ಒಂದು ಕಡೆ, ಎರಡೂ ಸೇರಿದರೆ ಕಂಬವೂ ಕೊಬ್ಬುತ್ತದೆ ಎಂದು ಹೇಳಿ ಜೀಪು ಹತ್ತಿದರು.

ಜೀಪಿನ ಧೂಳು ಅಡಗಿದ ಮೇಲೆ ಪುಟ್ಟಬಸಪ್ಪನಿಗೆ ಇನ್ನೊಂದು ಯೋಚನೆ ಬಂತು. ಅವನೇನೋ ಪೆದ್ದ. ಆದರೆ ಆ ರಾಗಿಯನ್ನು ಬೀಸಿದವಳು, ಹಿಟ್ಟು ಕದಡಿದವಳು, ಕಾಯಿಸಿ ಆರಿಸಿ ಚೊಂಬಿಗೆ ಬಗ್ಗಿಸಿದವಳು ಪೆದ್ದಿಯಲ್ಲ. ಊರಿನ ಹೆಂಗಸರು ಲೆಕ್ಕಕ್ಕೆ ಅವಳನ್ನೇ ಕೇಳುತ್ತಿದ್ದರು. ಅವನು ಚಪ್ಪಲಿಯನ್ನೂ ಮೆಟ್ಟದೆ ಹೊಲದ ಕಡೆ ಹೊರಟ.

ಹೊತ್ತು ಇನ್ನೂ ಮುಳುಗಿರಲಿಲ್ಲ. ಅಟ್ಟಣೆಯ ಮೇಲೆ ಪುಟ್ಟಗೌರಮ್ಮ ಕಾಲು ಇಳಿಬಿಟ್ಟುಕೊಂಡು ಕೂತಿದ್ದಳು. ಕಾಲು ಆಡಿಸುತ್ತಿದ್ದಳು. ಮದುವೆಯಾಗಿ ಇಷ್ಟು ವರ್ಷದಲ್ಲಿ ಅವಳು ಕಾಲು ಆಡಿಸುತ್ತ ಕೂತದ್ದನ್ನು ಅವನು ನೋಡಿರಲಿಲ್ಲ. ಆಚೆ ಹೊಲದ ಮರದ ಮೇಲೆ ಕೂಲಿಗೆ ಕಾವಲಿದ್ದ ದೊಡ್ಡಬೊಮ್ಮನ ಹೆಂಡತಿ ಜಡೆಮ್ಮ ಏನೋ ಕೂಗಿ ಹೇಳಿದಳು, ಇವಳು ನಕ್ಕಳು. ಗಂಡನನ್ನು ಕಂಡು ನಗು ನಿಲ್ಲಿಸಿದಳು.

‘ಅಂಬ್ಲಿ ಯಾತ್ರಲ್ ಮಾಡೀಯ?’ ಎಂದ ಪುಟ್ಟಬಸಪ್ಪ ಕೆಳಗಿನಿಂದ.

‘ರಾಗೀಲಿ. ಇನ್ ಮಣ್ಣಲ್ ಮಾಡಾರಾ?’

‘ನಾ ರಾಗಿ ಬುಟ್ಟಿವ್ನಿ ಅಂತ ನಿಂಗ ಗೊತ್ತಿತ್ತಾ ಇಲ್ವಾ?’

‘ಗೊತ್ತಿತ್ತು.’

‘ಮತ್ತ ಯಾಕ ಒಂದ್ ಮಾತು ಅನ್ನಿಲ್ಲ?’

ಅವಳು ಕಾಲು ಮೇಲೆಳೆದುಕೊಂಡು, ಮೆಲ್ಲಗೆ, ಆದರೆ ನಡುಗದ ದನಿಯಲ್ಲಿ ಹೇಳಿದಳು. ‘ಅನ್ನಿಲ್ಲ ಅಂತ ಮಾತ್ರ ಅಲ್ಲ. ದಿನಾ ಒಂದ್ ಇಡಿ ಇಟ್ಟು ಜಾಸ್ತಿನೇ ಆಕ್ತಿದ್ದೆ.’

ಪುಟ್ಟಬಸಪ್ಪ ಏಣಿಯನ್ನು ಹಿಡಿದುಕೊಂಡ. ‘ಯಾಕಮ್ಮಿ? ನಾ ಏನ್ ಮಾಡಿದ್ದೆ ನಿಂಗ?’

‘ನೀವು ಏನೂ ಮಾಡಿಲ್ಲ. ನೀವು ಮ್ಯಾಕ್ ಬಂದ್ರ ನಾ ಕೆಳೀಕ್ ಇಳೀಬೇಕಲ್ಲ’ ಎಂದಳು. ‘ನಿಮ್ಮನಗ ಬಂದಾಗಿಂದ ಗೌರೀ ನೀರು, ಗೌರೀ ಇಟ್ಟು, ಗೌರೀ ದನ ಕಟ್ಟು. ನಿಮ್ಮವ್ವ ಕರೀತಿತ್ತು, ನಿಮ್ಮಪ್ಪ ಕರೀತಿದ್ರು, ಮಕ್ಕಳು ಕರ್ದೊ, ನೀವು ಕರ್ದ್ರಿ. ನಾ ಒಂದಿನ ಕುಂತಿದ್ ಜಾಗದಲ್ಲಿ ಕುಂತಿರ್ನಿಲ್ಲ. ಇಲ್ಲಿ ಕರ್ಯೋದು ಆನ ಒಂದೇ. ಅದೂ ದಿನಾ ಬರಲ್ಲ.’

ಅವನಿಗೆ ಸಿಟ್ಟು ಬಂತು. ಬಂದ ಸಿಟ್ಟನ್ನು ಯಾರ ಮೇಲೆ ಹಾಕುವುದೆಂದು ತಿಳಿಯದೆ ತಿರುಗಿ ಊರ ದಾರಿ ಹಿಡಿದ. ಊರೆಲ್ಲ ತನ್ನ ಹೊಟ್ಟೆ ನೋಡಿ ನಕ್ಕಿತ್ತು, ತಕ್ಕಡಿ ನಕ್ಕಿತ್ತು, ಅವಳು ಚೊಂಬು ತುಂಬಿಸುತ್ತಿದ್ದಳು! ಅರ್ಧ ದಾರಿಯಲ್ಲಿ ಇನ್ನೊಂದು ಮಾತು ನೆನಪಾಗಿ ಹೆಜ್ಜೆ ನಿಧಾನವಾಯಿತು. ಹರೆಯದಲ್ಲಿ ತಾನು ಸುಗ್ಗಿ ಮುಗಿದ ಮೇಲೂ, ಕಾಯಲು ಒಂದು ತೆನೆಯೂ ಇಲ್ಲದ ಹೊಲಕ್ಕೆ, ಅಟ್ಟಣೆ ಬಿಚ್ಚಬೇಕು ಎಂದು ನೆಪ ಹೇಳಿ ಹೋಗಿ ಕೂರುತ್ತಿದ್ದ. ಅವ್ವನ ಗೊಣಗಾಟ, ಅಪ್ಪನ ಕೆಮ್ಮು, ಮಕ್ಕಳ ರಂಪ ಯಾವುದೂ ಅಷ್ಟು ಎತ್ತರಕ್ಕೆ ಏರಿ ಬರುತ್ತಿರಲಿಲ್ಲ. ಎರಡು ವರ್ಷದಿಂದ ತಾನು ಮಾನ ಮಾನ ಎಂದು ಅತ್ತದ್ದರಲ್ಲಿ ಅರ್ಧ ಆ ಜಾಗಕ್ಕಾಗಿ ಅತ್ತದ್ದು. ಇದು ಹೊಳೆದಾಗ ಅವನಿಗೆ ತನ್ನ ಮೇಲೇ ನಾಚಿಕೆಯಾಯಿತು.

ಒಂದಷ್ಟು ದಿನ ಮಾತು ಬಿಟ್ಟ. ಅಂಬಲಿಯನ್ನೂ ಬಿಟ್ಟ. ಸಿಟ್ಟಿಗೆ ಬಿಟ್ಟದ್ದು ನಿಜವಾದ ಪಥ್ಯವಾಯಿತು ನೋಡಿ. ಬೆಣ್ಣೆ, ಸೊಪ್ಪು, ತೆಂಗಿನಕಾಯಿ, ಮಜ್ಜಿಗೆ. ಒಂದು ಸಂಜೆ ಆನೆಗಳು ಬೇಗನೆ ಇಳಿದು ಬಂದವೆಂದು ಹೊಲಗಳ ಕಡೆಯಿಂದ ಗದ್ದಲ ಕೇಳಿಸಿತು. ಎಲ್ಲ ಡಬ್ಬಗಳ ನಡುವೆ ತಮ್ಮ ಮನೆಯ ಡಬ್ಬದ ಸದ್ದು ಯಾವುದೆಂದು ಅವನಿಗೆ ಗೊತ್ತಾಯಿತು. ಅಂಗಳದಲ್ಲಿ ನಿಂತು, ಆ ಸದ್ದು ನಿಲ್ಲದಿರಲಪ್ಪ ಎಂದು ಮಾದಪ್ಪನನ್ನು ಬೇಡಿದ. ಅದು ನಿಲ್ಲಲಿಲ್ಲ. ಆನೆಗಳೇ ಹಿಂದಕ್ಕೆ ಹೋದವು. ಅವಳು ಬುತ್ತಿಗಂಟಿನಲ್ಲಿ ಒಯ್ಯುತ್ತಿದ್ದದ್ದು ಬೆಳಗಿನ ತಣ್ಣನೆಯ ಮುದ್ದೆ ಎಂಬುದು ಅವತ್ತು ಮೊದಲ ಸಲ ಅವನಿಗೆ ಹೊಳೆಯಿತು.

ಮರುದಿನ ಪುಟ್ಟಬಸಪ್ಪ ಒಲೆ ಹೊತ್ತಿಸಿದ. ತಾನು ಉಣ್ಣುವಂತಿಲ್ಲದ ಹಿಟ್ಟನ್ನು ತಾನೇ ತೊಳಸಿದ. ಎಸರು ಹೆಚ್ಚಾಯಿತು, ಹಿಟ್ಟು ಸುರಿದ, ಹಿಟ್ಟು ಹೆಚ್ಚಾಯಿತು, ಎಸರು ಬಿಟ್ಟ. ಕೊನೆಗೆ ಮುದ್ದೆಯೆಂದು ಹೇಳಬಹುದಾದ ಏನೋ ಒಂದನ್ನು ಬಿಸಿ ಸಾರಿನ ಜೊತೆ ಕಟ್ಟಿಕೊಂಡು ಹೊಲಕ್ಕೆ ನಡೆದ. ಪುಟ್ಟಗೌರಮ್ಮ ಹಗ್ಗ ಇಳಿಬಿಟ್ಟು ಪಾತ್ರೆಯನ್ನು ಸೇದಿಕೊಂಡಳು. ಸ್ವಲ್ಪ ಹೊತ್ತಿನ ಮೇಲೆ ಮೇಲಿನಿಂದ ದನಿ ಬಂತು.

‘ಗಂಟು ಗಂಟಾಗದ.’

‘ನಾಳ ಸರಿ ಮಾಡ್ತೀನಿ ಬುಡು’ ಎಂದ ಕೆಳಗಿನವನು.

ಸುಗ್ಗಿಯ ತನಕ ಅದೇ ನಡೆಯಿತು. ಊರಿನಿಂದ ಹೊಲ ದೂರ, ನಡುವೆ ಒಂದು ಹಳ್ಳ, ಏರು. ಹೋಗಿ ಬಂದು ಪುಟ್ಟಬಸಪ್ಪನಿಗೆ ಏದುಸಿರು ಬರುತ್ತಿತ್ತು, ಆಮೇಲಾಮೇಲೆ ಬರುವುದು ಕಡಿಮೆಯಾಯಿತು. ಒಂದು ಬೆಳಿಗ್ಗೆ ಸ್ನಾನ ಮಾಡುವಾಗ ಸೊಂಟದ ಉಡಿದಾರ ಜಾರಿ ತೊಡೆಗೆ ಬಂತು. ಗಂಟು ಬಿಚ್ಚಿ ಬಿಗಿಯಾಗಿ ಕಟ್ಟಿಕೊಂಡ. ಬೇಸಿಗೆಯಲ್ಲಿ ಮತ್ತೊಮ್ಮೆ ಕಟ್ಟಿಕೊಳ್ಳಬೇಕಾಯಿತು. ಕರಗಿಸಿದ್ದು ತುಪ್ಪವೋ, ಬಿಟ್ಟ ರಾಗಿಯೋ, ಹೆಂಡತಿಯ ಬುತ್ತಿ ಹೊತ್ತ ದಾರಿಯೋ, ಆ ನ್ಯಾಯ ಇವತ್ತಿಗೂ ತೀರ್ಮಾನವಾಗಿಲ್ಲ. ತೀರ್ಮಾನಿಸಲು ಊರಿಗೆ ವಿಷಯವೇ ತಿಳಿಯಲಿಲ್ಲ. ಅವನು ದಪ್ಪ ಮನುಷ್ಯನೇ ಆಗಿ ಉಳಿದಿದ್ದ, ಮೊದಲಿನಷ್ಟು ಇರಲಿಲ್ಲ ಅಷ್ಟೇ. ಮಂಡಿಯ ಕಡೆ ಹೋಗುವುದನ್ನು ನಿಲ್ಲಿಸಿದ. ಗುರುಸ್ವಾಮಿ ಹಲಗೆಯ ಮೇಲಿನ ಕೊನೆಯ ಅಂಕಿಯನ್ನು ಒಂದಷ್ಟು ದಿನ ಅಳಿಸದೆ ಇಟ್ಟಿದ್ದ.

ಎಂಬತ್ತೊಂದರ ಕಾರ್ತಿಕಕ್ಕೆ ದೊಡ್ಡಬೊಮ್ಮ ಬಂದು ಹೊಸ ಏಣಿ ಕಟ್ಟಿದ. ಕೊನೆಯ ಗಂಟು ಬಿಗಿದು ಪುಟ್ಟಬಸಪ್ಪನನ್ನು ದಿಟ್ಟಿಸಿ ನೋಡಿ, ‘ಈಗ ತಡ್ಕತದ ಬಸಣ್ಣ’ ಎಂದ.

‘ನೋಡಾನ ಬುಡು’ ಎಂದ ಪುಟ್ಟಬಸಪ್ಪ.

ದೊಡ್ಡಬೊಮ್ಮ ಹೋದ. ನಡುಮಧ್ಯಾಹ್ನ, ಹೊಲಗಳಲ್ಲಿ ಯಾರೂ ಇರಲಿಲ್ಲ. ಪುಟ್ಟಗೌರಮ್ಮ ಹಿಂದಿನ ವಾರವೇ ಹಳೆಯ ಏಣಿ ಹತ್ತಿ ತನ್ನ ಸಾಮಾನೆಲ್ಲ ಅಟ್ಟಣೆಗೆ ಸೇರಿಸಿ, ಈಗ ಮನೆಯಲ್ಲಿದ್ದಳು. ಪುಟ್ಟಬ‌ಸಪ್ಪ ಹೆಗಲ ಮೇಲಿನ ಟವೆಲಿನಿಂದ ಕೈ ಒರೆಸಿಕೊಂಡು ಮೊದಲ ಮೆಟ್ಟಿಲಿಗೆ ಕಾಲಿಟ್ಟ. ಬಿದಿರು ನರಳಲಿಲ್ಲ. ಎರಡನೆಯದೂ ತಡೆಯಿತು. ಹಿಂದೆ ಮುರಿದಿದ್ದ ಎತ್ತರದಲ್ಲಿ ಕಣ್ಣು ಮುಚ್ಚಿಕೊಂಡು, ಮಾದಪ್ಪಾ ಎಂದು ಹತ್ತಿದ. ಕಣ್ಣು ಬಿಟ್ಟಾಗ ಮೇಲಿದ್ದ.

ಟವೆಲು ಹಾಸಿ ಕೂತ. ಕೂಗಿ ಊರಿಗೆಲ್ಲ ಹೇಳಬೇಕೆನಿಸಿತು. ಡಬ್ಬ ಬಡಿಯಲು ಕೈ ಚಾಚಿದವನು ಡಬ್ಬದ ಪಕ್ಕದಲ್ಲಿ ಇದ್ದದ್ದನ್ನು ನೋಡಿದ. ಎಲೆ ಅಡಿಕೆಯ ಚೀಲ. ಹಲ್ಲು ಮುರಿದ ಬಾಚಣಿಗೆ, ಅಂಗೈಯಗಲದ ಕನ್ನಡಿ. ಮರದ ಕೊಂಬೆಗೆ ಸಿಕ್ಕಿಸಿದ ಒಂದು ಒಣಗಿದ ಹೂವಿನ ಎಸಳು. ಕಾಲು ಇಳಿಬಿಡುವ ಕಡೆ ಬಿದಿರಿನ ಸಿಬಿರು ಚುಚ್ಚದಂತೆ ಹಳೆಯ ಸೀರೆಯ ತುಂಡನ್ನು ಸುತ್ತಿ ಹೊಲಿದಿದ್ದಳು. ಮನೆಯಲ್ಲಿ ಇಷ್ಟು ವರ್ಷದಲ್ಲಿ ಅವಳದೆಂದು ಒಂದು ಮೊಳೆಯೂ ಇರಲಿಲ್ಲ. ಇಲ್ಲಿಂದ ಅವರ ಮನೆಯ ಹೆಂಚು ಕಾಣುತ್ತಿತ್ತು. ಬೆಂಕಿಪೊಟ್ಟಣದಷ್ಟು ಚಿಕ್ಕದಾಗಿ, ಯಾರ ದನಿಯೂ ಕೇಳಿಸದಷ್ಟು ದೂರದಲ್ಲಿ.

ಪುಟ್ಟಬಸಪ್ಪ ಒಂದು ಸಾಮಾನನ್ನೂ ಮುಟ್ಟದೆ ಮೆಟ್ಟಿಲು ಮೆಟ್ಟಿಲಾಗಿ ಇಳಿದ.

ಚಾ ಅಂಗಡಿಯಲ್ಲಿ ಮೈ ಇಳಿಯಿತೇ ಎಂದು ಜವರ ಕೇಳಿದಾಗ ಪುಟ್ಟಬಸಪ್ಪ ಕಂಬಳಿಯನ್ನು ಹೊಟ್ಟೆಯ ಸುತ್ತ ಇನ್ನಷ್ಟು ದಪ್ಪಗೆ ಸುತ್ತಿಕೊಂಡು, ‘ತುಪ್ಪ ತಿಂದ್ರ ಮೈ ಇಳ್ಯಲ್ಲ ಕಣ್ಲಾ, ನಾನೇ ಸಾಕ್ಷಿ’ ಎಂದ. ಅಲ್ಲಿಂದ ಆ ಮಾತು ದೊಡ್ಡಗಾಜನೂರಿಗೂ ತಾಳವಾಡಿಗೂ ಹೋಯಿತು. ಅವತ್ತು ಸಂಜೆ ಪುಟ್ಟಗೌರಮ್ಮ ಹೊರಡುವಾಗ ಬಾಗಿಲಲ್ಲಿ ನಿಂತು, ಅವನ ಮುಖ ನೋಡದೆ ಕೇಳಿದಳು. ‘ದೊಡ್ಬೊಮ್ಮ ಏಣಿ ಕಟ್ಟಿವ್ನಲ್ಲ. ನೀವು ಅತ್ತೀರಾ ಈ ಸಲ?’

‘ಎಲ್ಲಿ ಆದ್ದು ಕಣಮ್ಮಿ. ಕಾಲಿಟ್ಟು ನೋಡ್ದೆ, ಮೆಟ್ಲು ತಡ್ಕಳಲ್ಲ’ ಎಂದ.

ಬೆಳಿಗ್ಗೆ ಅವಳು ಹೊಲದಿಂದ ಬಂದಳು. ಬುತ್ತಿಯ ಪಾತ್ರೆಯನ್ನು ಬಚ್ಚಲಲ್ಲಿ ಇಟ್ಟು, ಕಂಕುಳಿನಿಂದ ಅವನ ಟವೆಲನ್ನು ತೆಗೆದು, ನೀಟಾಗಿ ಮಡಿಸಿ ಜಗಲಿಯ ಮೇಲೆ ಅವನ ಪಕ್ಕದಲ್ಲಿ ಇಟ್ಟಳು. ಪುಟ್ಟಬಸಪ್ಪ ಟವೆಲನ್ನು ನೋಡಿದ. ಬೀದಿಯನ್ನು ನೋಡಿದ.

‘ಗಾಳೀಗ ಆರ್ಕಂಡ್ ಬಂದಿರ್ಬೇಕು’ ಎಂದ.

‘ಊಂ’ ಎಂದಳು ಪುಟ್ಟಗೌರಮ್ಮ. ‘ಈ ವರ್ಸ ಗಾಳಿ ಜೋರಾಗದ.’ ಒಳಗೆ ಹೋಗಿ ಒಲೆ ಹೊತ್ತಿಸಿದಳು. ಅವನ ಹರಕೆ ತೀರಿತ್ತಲ್ಲ, ಮೂರು ಮುದ್ದೆಗಾಗುವಷ್ಟು ಎಸರಿಟ್ಟಳು.